ತೇರು ನಮ್ಮ ಬೀದಿಗೂ ಬಂತೇ?

ಹಬ್ಬದ ಬಾವುಟ ಏರಿದ ದಿನದಿಂದ ತೇರು ದೇವಾಲಯಕ್ಕೆ ಹಿಂದಿರುಗುವ ರಾತ್ರಿಯವರೆಗೆ, ಧರ್ಮಕೇಂದ್ರದ ಹಬ್ಬದ ಸಮಿತಿಯವರಿಗೆ ಮನೆಯ ನೆನಪು ಬರುವುದೇ ಅಪರೂಪ. ಶಾಮಿಯಾನ, ದೀಪಾಲಂಕಾರ, ಬ್ಯಾಂಡ್ ಸೆಟ್ಟು, ಪೊಲೀಸ್ ಠಾಣೆಯ ಅನುಮತಿ, ನೊವೇನದ ಒಂಬತ್ತು ದಿನಗಳಿಗೆ ಬರುವ ಗುರುಗಳ ಊಟೋಪಚಾರ, ಇವುಗಳಲ್ಲಿ ಹಗಲು ರಾತ್ರಿಗಳು ಒಂದಾಗಿಬಿಡುತ್ತವೆ. ನಾವೂ ಕೆಲವು ವರ್ಷ ಅಂಥದೊಂದು ಸಮಿತಿಯಲ್ಲಿದ್ದವರು. ಆದ್ದರಿಂದ ಇಲ್ಲಿ ಬರೆಯುತ್ತಿರುವುದನ್ನು ಪರರ ಮೇಲಿನ ಆಕ್ಷೇಪಣೆಯೆಂದು ಓದುಗರು ಭಾವಿಸಬಾರದಾಗಿ ವಿನಂತಿ.

ಆ ವರ್ಷ ನಮ್ಮ ತಂದೆಯವರು ಹಾಸಿಗೆ ಹಿಡಿದಿದ್ದರು. ನೊವೇನದ ಒಂಬತ್ತು ಸಂಜೆಗಳಲ್ಲಿ ಒಂದು ಸಂಜೆಯೂ ನಾವು ಮನೆಯ ಜಪಸರಕ್ಕೆ ಕೂರಲಿಲ್ಲ. ದೇವಾಲಯದಲ್ಲಿ ಸಾವಿರ ಜನರ ನಡುವೆ ಧ್ವನಿವರ್ಧಕದ ಮುಂದೆ ನಿಂತು ಜಪಸರ ನಡೆಸಿದ್ದ ನಮಗೆ, ಮನೆಯಲ್ಲಿ ತಂದೆಯವರು ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದನ್ನೇ ಹೇಳುತ್ತಿದ್ದರೆಂಬುದು ತಿಳಿಯಲೂ ಇಲ್ಲ. ವಿದ್ಯುತ್ ತಂತಿಗಳು ಅಡ್ಡಬರುತ್ತವೆಂಬ ಕಾರಣಕ್ಕೆ ಸಮಿತಿಯು ತೇರಿನ ದಾರಿಯನ್ನು ಬದಲಿಸಿತ್ತು. ಆ ನಿರ್ಣಯಕ್ಕೆ ಕೈಯೆತ್ತಿದವರಲ್ಲಿ ನಾವೂ ಒಬ್ಬರು. ತೇರಿನ ರಾತ್ರಿ ಹನ್ನೆರಡು ದಾಟಿದ ಮೇಲೆ ಮನೆಗೆ ಬಂದಾಗ ತಂದೆಯವರು ಎಚ್ಚರವಾಗಿಯೇ ಇದ್ದರು. ಅವರ ಮಂಚವನ್ನು ಕಿಟಕಿಯ ಬಳಿಗೆ ಸರಿಸಲಾಗಿತ್ತು. ಕಿಟಕಿಯ ಕಟ್ಟೆಯ ಮೇಲೆ ಉರಿದು ಮುಗಿದ ಮೇಣದ ಬತ್ತಿ. "ಏನಪ್ಪಾ, ತೇರು ನಮ್ಮ ಬೀದಿಗೂ ಬಂತಾ? ನನಗೇ ಜೊಂಪು ಹತ್ತಿತೇನೋ" ಎಂದರು. ಸಿಟ್ಟಿನಿಂದ ಕೇಳಿದ ಮಾತಲ್ಲ. ಸಿಟ್ಟಿನಿಂದ ಕೇಳಿದ್ದರೆ ಉತ್ತರ ಹೇಳುವುದು ಸುಲಭವಾಗುತ್ತಿತ್ತು. ಮುಂದಿನ ತಪಸ್ಸುಕಾಲದಲ್ಲಿ ಅವರು ತೀರಿಕೊಂಡರು.

ಮಾರ್ಕನ ಶುಭಸಂದೇಶದ ಏಳನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ 'ಕೊರ್ಬಾನ್' ಎಂಬ ಪದ್ಧತಿಯನ್ನು ಖಂಡಿಸುವ ಭಾಗವಿದೆ. ತಂದೆತಾಯಿಗಳ ಪೋಷಣೆಗೆ ಸಲ್ಲಬೇಕಾದುದನ್ನು ದೇವರಿಗೆ ಅರ್ಪಿತವೆಂದು ಘೋಷಿಸಿ, ಅವರಿಗೆ ಕೊಡುವ ಹೊಣೆಯಿಂದ ಪಾರಾಗುವ ಉಪಾಯವದು. ಇದನ್ನು ಓದುವಾಗಲೆಲ್ಲ ಫರಿಸಾಯರ ವಿಷಯವೆಂದು ತಿಳಿದು ಪುಟ ಮಗುಚುತ್ತಿದ್ದೆವು. ನಾವು ಹಣವನ್ನು ಕೊರ್ಬಾನ್ ಎಂದು ಘೋಷಿಸದಿರಬಹುದು. ಸಂಜೆಗಳನ್ನು ಹಾಗೆ ಘೋಷಿಸಿರುವವರು ನಮ್ಮಲ್ಲಿ ಅನೇಕರಿದ್ದಾರೆ.

ಸಂತ ಪೌಲರ ಹೆಸರಿನಲ್ಲಿರುವ ತಿಮೊಥೇಯನಿಗೆ ಬರೆದ ಮೊದಲ ಪತ್ರವು ಸಭೆಯ ಮೇಲ್ವಿಚಾರಕನಿಗೆ ಇರಬೇಕಾದ ಅರ್ಹತೆಗಳಲ್ಲಿ ಸ್ವಂತ ಮನೆವಾರ್ತೆಯ ನಿರ್ವಹಣೆಯನ್ನೂ ಸೇರಿಸುತ್ತದೆ. ನಮ್ಮ ಪಾಲನಾ ಸಮಿತಿಗಳ ಚುನಾವಣೆಯಲ್ಲಿ ಇದನ್ನು ಯಾರೂ ಕೇಳಿದ್ದನ್ನು ಕಾಣೆವು. ನಾಲ್ಕನೆಯ ಶತಮಾನದಲ್ಲಿ ಅಂತಿಯೋಕ್ಯದ ಜನರಿಗೆ ಬೋಧಿಸುತ್ತಿದ್ದ ಸಂತ ಯೋವಾನ್ನ ಕ್ರಿಸೊಸ್ತೋಮರು, ಮನೆಯನ್ನೂ ದೇವಾಲಯವಾಗಿಸಿಕೊಳ್ಳಬೇಕೆಂದು ಕೇಳುಗರನ್ನು ಒತ್ತಾಯಿಸುತ್ತಿದ್ದರು. ದೇವಾಲಯದೊಳಗೆ ಕ್ರಿಸ್ತರಿಗೆ ರೇಷ್ಮೆ ಹೊದಿಸಿ, ಹೊರಗೆ ಚಳಿಯಲ್ಲಿ ನಡುಗುವ ಕ್ರಿಸ್ತರನ್ನು ಮರೆಯುವವರನ್ನು ಅವರು ಕಟುವಾಗಿಯೇ ಪ್ರಶ್ನಿಸಿದರು. ಎರಡನೆಯ ವ್ಯಾಟಿಕನ್ ಮಹಾಸಭೆಯು 1964ರಲ್ಲಿ ಧರ್ಮಸಭೆಯನ್ನು ಕುರಿತ ತನ್ನ ಸಂವಿಧಾನದಲ್ಲಿ ಕುಟುಂಬವನ್ನು 'ಗೃಹಸಭೆ'ಯೆಂದು ಕರೆದದ್ದು ಹೀಗೆ ಹೊಸ ಮಾತೇನಲ್ಲ. ಮರೆತಿದ್ದ ಹಳೆಯ ಮಾತು. ಜಗದ್ಗುರು ಎರಡನೆಯ ಜಾನ್ ಪೌಲರು 1981ರಲ್ಲಿ ಕುಟುಂಬವನ್ನು ಕುರಿತು ಬರೆದ ಪ್ರಬೋಧನ ಪತ್ರದಲ್ಲಿ, ಮಕ್ಕಳು ಪ್ರಾರ್ಥನೆ ಕಲಿಯುವುದು ಮುಖ್ಯವಾಗಿ ತಂದೆತಾಯಿಗಳು ಪ್ರಾರ್ಥಿಸುವುದನ್ನು ಕಂಡು ಎಂಬುದನ್ನು ವಿಸ್ತಾರವಾಗಿ ತಿಳಿಸಿದ್ದಾರೆ.

ಇಷ್ಟು ಹೇಳಿದೊಡನೆ ಇನ್ನೊಂದು ಪಕ್ಷದವರು ಸಂತೋಷಪಡುವ ಅಪಾಯವಿದೆ. "ಮನೆಯಲ್ಲೇ ಪ್ರಾರ್ಥಿಸುತ್ತೇವಲ್ಲ, ಭಾನುವಾರದ ಪೂಜೆಗೆ ಏಕೆ ಬರಬೇಕು?" ಎನ್ನುವವರು ಅವರು. ತುಮಕೂರು ನಗರದಲ್ಲಿ ಭಾನುವಾರ ಬೆಳಗಿನ ಪೂಜೆಯ ಹೊತ್ತಿಗೇ ಟ್ಯೂಷನ್ನು, ಪ್ರವೇಶ ಪರೀಕ್ಷೆಯ ತರಬೇತಿ. ಹತ್ತನೆಯ ತರಗತಿಗೆ ಬಂದ ಕೂಡಲೇ ಧರ್ಮೋಪದೇಶದ ತರಗತಿಯಿಂದ ಮಗುವನ್ನು ಬಿಡಿಸಿದರೆ, ಯಾವುದು ಮೊದಲು ಎಂಬ ಪಾಠವನ್ನು ಅದು ಯಾರೂ ಹೇಳಿಕೊಡದೆಯೇ ಕಲಿತುಬಿಡುತ್ತದೆ. ಶನಿವಾರ ಸಂಜೆಯ ಪೂಜೆಯಿಂದಲೂ ಭಾನುವಾರದ ಕರ್ತವ್ಯ ನೆರವೇರುತ್ತದೆಂದು 1983ರ ಧರ್ಮಸಭೆಯ ಕಾನೂನು ಸಂಹಿತೆಯ 1248ನೆಯ ವಿಧಿ ಅವಕಾಶ ಕೊಟ್ಟಿದೆ. ಈ ಅವಕಾಶವನ್ನು ಅರಿತು ಬಳಸುವ ಕುಟುಂಬಗಳು ಇನ್ನೂ ಹೆಚ್ಚಬೇಕು.

ಆದರೆ ನಿಜವಾಗಿಯೂ ಬರಲಾಗದವರ ಮಾತು ಬೇರೆ. ತುಮಕೂರು ಜಿಲ್ಲೆ ಬೆಂಗಳೂರು ಮಹಾಧರ್ಮಪ್ರಾಂತ್ಯಕ್ಕೆ ಸೇರಿದ್ದು, ಇಲ್ಲಿನ ಕಥೋಲಿಕರು ಅಲ್ಲೊಂದು ಇಲ್ಲೊಂದು ಮನೆಯಾಗಿ ಚದುರಿದ್ದಾರೆ. ಗುಬ್ಬಿಯು ನಗರದಿಂದ ಸುಮಾರು 20 ಕಿಲೋಮೀಟರ್; ಕುಣಿಗಲ್ ಅದರ ಇಮ್ಮಡಿಗೆ ಸಮೀಪ. ವಸಂತನರಸಾಪುರದ ಕೈಗಾರಿಕಾ ಪ್ರದೇಶ ಬೆಳೆದಿದೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌.ಎ.ಎಲ್. ಹೆಲಿಕಾಪ್ಟರ್ ಕಾರ್ಖಾನೆ 2023ರಲ್ಲಿ ಉದ್ಘಾಟನೆಯಾಯಿತು. ಕುಣಿಗಲ್ಲಿನ ಮೂಲಕ ಹಾಸನಕ್ಕೆ ರೈಲು 2017ರಿಂದ ಓಡುತ್ತಿದೆ. ಉದ್ಯೋಗ ಅರಸಿ ಬಂದವರಿಗೆ ಪಾಳಿಯ ಕೆಲಸ. ಪಾಳಿಯ ಪಟ್ಟಿಯಲ್ಲಿ ಭಾನುವಾರಕ್ಕೆ ಬೇರೆ ಬಣ್ಣವಿಲ್ಲ. ಇಂಥವರಿಗಾಗಿ ಅದೇ 1248ನೆಯ ವಿಧಿಯ ಎರಡನೆಯ ಭಾಗ, ಗುರುಗಳ ಅಭಾವದಿಂದಲೋ ಗಂಭೀರ ಕಾರಣದಿಂದಲೋ ಬಲಿಪೂಜೆ ಸಾಧ್ಯವಾಗದಾಗ, ದೈವವಾಕ್ಯದ ಆರಾಧನಾವಿಧಿಯಲ್ಲಾಗಲಿ, ತಕ್ಕಷ್ಟು ಹೊತ್ತಿನ ವೈಯಕ್ತಿಕ ಅಥವಾ ಕುಟುಂಬ ಪ್ರಾರ್ಥನೆಯಲ್ಲಾಗಲಿ, ಅನುಕೂಲವಿದ್ದಲ್ಲಿ ಹಲವು ಕುಟುಂಬಗಳು ಒಟ್ಟುಗೂಡಿಯಾಗಲಿ ತೊಡಗಬೇಕೆಂದು ವಿಶೇಷವಾಗಿ ಶಿಫಾರಸು ಮಾಡುತ್ತದೆ. ಕುಣಿಗಲ್ಲಿನಲ್ಲಿ ನಾವು ಕಂಡ ಒಂದು ಮನೆಯಲ್ಲಿ ಯಜಮಾನರು ಕೆಲಸ ಮುಗಿಸಿ ಬರುವುದು ರಾತ್ರಿ ಒಂಬತ್ತೂವರೆಗೆ. ಜಪಸರ ಆರಂಭವಾಗುವುದೂ ಆಗಲೇ. ಕಿರಿಯ ಮಗ ಎರಡನೆಯ ರಹಸ್ಯಕ್ಕೇ ನಿದ್ದೆಹೋಗುತ್ತಾನೆ. ಅವನನ್ನು ಯಾರೂ ಎಬ್ಬಿಸುವುದಿಲ್ಲ. ಆ ಮನೆಯವರನ್ನು ಯಾವ ಸಮಿತಿಯ ಪಟ್ಟಿಯಲ್ಲಿಯೂ ನಾವು ಕಂಡಿಲ್ಲ.

ಹಣದ ವಿಷಯವನ್ನೂ ಮುಚ್ಚಿಡುವುದು ಸರಿಯಲ್ಲ. ಗುಬ್ಬಿ ಎಂದೊಡನೆ ಎಲ್ಲರಿಗೂ ವೀರಣ್ಣನವರ ನಾಟಕ ಕಂಪನಿ ನೆನಪಾಗುತ್ತದೆ, ಅದು ಸಹಜ. ಆದರೆ ಅದಕ್ಕೂ ಹಿಂದೆ, 1839ರಲ್ಲಿ ಭಾರತಕ್ಕೆ ಬಂದ ವಿಲಿಯಂ ಆರ್ಥರ್ ಎಂಬ ಐರಿಷ್ ವೆಸ್ಲಿಯನ್ ಮಿಷನರಿ ಇದೇ ಗುಬ್ಬಿಯಲ್ಲಿ ಸೇವೆ ಮಾಡಿದ್ದರು. ಆರೋಗ್ಯ ಕೆಟ್ಟು 1841ರಲ್ಲಿ ಹಿಂದಿರುಗಿದ ಅವರು, 1847ರಲ್ಲಿ ಮೈಸೂರು ಸೀಮೆಯ ಅನುಭವಗಳ ಗ್ರಂಥವನ್ನು ಪ್ರಕಟಿಸಿದರು. ಮುಂದೆ, ಆದಾಯದ ಒಂದು ನಿಶ್ಚಿತ ಪಾಲನ್ನು ದಾನವಾಗಿ ತೆಗೆದಿಡುವುದು ಕರ್ತವ್ಯವೆಂದು ಪ್ರತಿಪಾದಿಸಿದರು. ಅವರು ನಮ್ಮ ಪಂಥದವರಲ್ಲ. ಆದರೂ ಉಳಿದದ್ದನ್ನು ಕೊಡುವುದಕ್ಕೂ ಮೊದಲೇ ತೆಗೆದಿಟ್ಟು ಕೊಡುವುದಕ್ಕೂ ಇರುವ ಅಂತರವನ್ನು ನಾವು ಅವರಿಂದ ಕೇಳಿ ತಿಳಿಯಬಹುದು. ನಮ್ಮಲ್ಲಿ ಮಗುವಿನ ಪ್ರಥಮ ಪರಮಪ್ರಸಾದಕ್ಕೆ ಸಾಲ ಮಾಡಿ ಕಲ್ಯಾಣಮಂಟಪ ಹಿಡಿಯುವವರುಂಟು. ಅದೇ ತಿಂಗಳು ಅಜ್ಜಿಯ ಔಷಧಿಗೆ ಹಣ ಸಾಲದೆ ಹೋಗುವುದೂ ಉಂಟು.

ಇನ್ನು ಆಸ್ತಿಯ ವ್ಯಾಜ್ಯ. ಒಂದೇ ತಾಯಿಯ ಮಕ್ಕಳಿಬ್ಬರು ಒಂದೇ ಪೂಜೆಗೆ ಬಂದು, ಒಬ್ಬರು ಬಲಗಡೆಯ ಬೆಂಚಿನಲ್ಲಿ, ಇನ್ನೊಬ್ಬರು ಎಡಗಡೆಯ ಬೆಂಚಿನಲ್ಲಿ ವರ್ಷಗಟ್ಟಲೆ ಕುಳಿತದ್ದನ್ನು ಕಂಡಿದ್ದೇವೆ. ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು ಮೊದಲು ಸೋದರನೊಡನೆ ಸಮಾಧಾನ ಮಾಡಿಕೊಳ್ಳಬೇಕೆಂಬ ಸ್ವಾಮಿಯ ಆದೇಶವನ್ನು ಇಬ್ಬರೂ ಕೇಳಿದವರೇ. ಒಬ್ಬರಂತೂ ವೇದಿಕೆಯಿಂದ ಅದನ್ನು ಓದಿದವರು.

ದೇವಾಲಯವನ್ನು ಶನಿವಾರ ಗುಡಿಸಿ ತೊಳೆಯುವ ಸಹೋದರಿಯರ ಬಗೆಗೂ ಒಂದು ಮಾತು. ಅವರು ಅಲ್ಲಿಂದ ಓಡಿಬಂದು ಮನೆಯಲ್ಲಿ ಒಲೆ ಹಚ್ಚುತ್ತಾರೆ. ನಮಗೆ, ಎಂದರೆ ಗಂಡಸರಿಗೆ, ಸಮಿತಿಯ ಸಭೆ ಇರುತ್ತದೆ.

ತಂದೆಯವರು ತೀರಿಕೊಂಡ ಮರುವರ್ಷ ಹಬ್ಬದ ಸಮಿತಿಯ ಸಭೆಯಲ್ಲಿ ತೇರಿನ ದಾರಿಯ ವಿಷಯ ಬಂದಾಗ, ಧರ್ಮಕೇಂದ್ರದಲ್ಲಿ ಹಾಸಿಗೆ ಹಿಡಿದವರು ಎಷ್ಟು ಮಂದಿ, ಯಾವ ಬೀದಿಗಳಲ್ಲಿದ್ದಾರೆ ಎಂದು ಕೇಳಿದೆವು. ದೀಪಾಲಂಕಾರದ ದರಪಟ್ಟಿಗಳು ಮೂರು ಮೇಜಿನ ಮೇಲಿದ್ದವು. ಈ ಪಟ್ಟಿ ಮಾತ್ರ ಯಾರ ಬಳಿಯೂ ಇರಲಿಲ್ಲ. ಕೊನೆಗೆ ರೋಗಿಗಳ ಮನೆಗಳಿಗೆ ಪರಮಪ್ರಸಾದ ಕೊಂಡೊಯ್ಯುವ ಕನ್ಯಾಸ್ತ್ರೀಯೊಬ್ಬರು ನೋಟ್‌ಬುಕ್ಕಿನ ಹಾಳೆಯೊಂದನ್ನು ಹರಿದು, ನೆನಪಿನಿಂದಲೇ ಮನೆ ಮನೆಯ ಹೆಸರು ಬರೆದುಕೊಟ್ಟರು. ತಂತಿಗಳನ್ನು ಎತ್ತಿಹಿಡಿಯಲು ಉದ್ದನೆಯ ಬಿದಿರಿನ ಗಳಗಳು ಎಲ್ಲಿ ಸಿಗುತ್ತವೆಂಬುದರ ಮೇಲೆ ಆಮೇಲೆ ಬಹಳ ಹೊತ್ತು ಚರ್ಚೆ ನಡೆಯಿತು.