ಹಿಂದಿನ ಲಾಕೋ, ಮುಂದಿನ ಲಾಕೋ? – ಕಚ್ಚಾ ಹಾದಿಯ ವಾಹನಗಳಿಗೆ ಡಿಫರೆನ್ಷಿಯಲ್ ಲಾಕ್ ಆಯ್ಕೆ



ಲೆಕ್ಕಪರಿಶೋಧನೆಗೆ ಕುಳಿತಾಗ ‘ಇತರೆ ವೆಚ್ಚ’ ಎಂಬ ಶೀರ್ಷಿಕೆಯನ್ನು ನಾನು ತುಸು ನಿಧಾನವಾಗಿ ಓದುತ್ತೇನೆ. ಕಾಳಗಿಯ ಕಕ್ಷಿದಾರರೊಬ್ಬರಿಗೆ ಚಿತ್ತಾಪುರದ ಕಡೆ ಫರ್ಸಿ ಕಲ್ಲಿನ ಗಣಿಯಿದೆ. ಅವರ ಪುಸ್ತಕದಲ್ಲಿ ಒಂದು ವರ್ಷ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಶೀರ್ಷಿಕೆಯಡಿ ಜೆಸಿಬಿ ಬಾಡಿಗೆ, ಟ್ರ್ಯಾಕ್ಟರ್ ಬಾಡಿಗೆ, ಸರಪಳಿ ಖರೀದಿ ಎಂಬ ನಮೂದುಗಳು ಪದೇ ಪದೇ ಬಂದಿದ್ದವು. ಕೊನೆಯಲ್ಲಿ ಒಂದು ಆಸ್ಪತ್ರೆಯ ಬಿಲ್ಲೂ ಇತ್ತು. ಕೆಸರಿನಲ್ಲಿ ಹುದುಗಿದ ಪಿಕಪ್ ವಾಹನವನ್ನು ಎಳೆಯುವಾಗ ಸರಪಳಿ ಹರಿದು ಸಹಾಯಕ ಹುಡುಗನ ಮೊಣಕಾಲಿನ ಮೂಳೆ ಮುರಿದಿತ್ತು.

“ಸಾಹೇಬರೇ, ವಾಹನಕ್ಕೆ ಡಿಫರೆನ್ಷಿಯಲ್ ಲಾಕ್ ಹಾಕಿಸಬೇಕೆಂದಿದ್ದೇನೆ. ಅಂಗಡಿಯವರು ಮುಂದೆ ಹಿಂದೆ ಎರಡಕ್ಕೂ ಹಾಕಿಸಿರಿ ಎನ್ನುತ್ತಾರೆ. ಡಿಪ್ರಿಸಿಯೇಷನ್ ಸಿಗುತ್ತದಲ್ಲವೇ?” ಎಂದು ಅವರು ಕೇಳಿದರು. ತೆರಿಗೆಯ ಉತ್ತರ ನನ್ನಲ್ಲಿತ್ತು. ಆದರೆ ವಸ್ತುವಿನ ಅಗತ್ಯವನ್ನು ಅರಿಯದೆ ತೆರಿಗೆಯ ಸಲಹೆ ಕೊಡುವುದು ಸರಿಯಲ್ಲವೆನಿಸಿತು. ಗ್ಯಾರೇಜಿನವರಿಂದಲೂ ಚಾಲಕರಿಂದಲೂ ಅಂದಿನಿಂದ ಕೇಳಿ ತಿಳಿದುದನ್ನು, ಇಂಥದೇ ಹಾದಿಗಳಲ್ಲಿ ವಾಹನ ಓಡಿಸುವ ಸದಸ್ಯರ ಉಪಯೋಗಕ್ಕಾಗಿ ಇಲ್ಲಿ ನೀಡಿದ್ದೇನೆ.

ಲಾಕ್ ಎಂದರೇನು?

ವಾಹನ ತಿರುವಿನಲ್ಲಿ ಹೋಗುವಾಗ ಹೊರಬದಿಯ ಚಕ್ರ ಒಳಬದಿಯ ಚಕ್ರಕ್ಕಿಂತ ಹೆಚ್ಚು ದೂರ ಕ್ರಮಿಸಬೇಕಾಗುತ್ತದೆ. ಒಂದೇ ಆಕ್ಸಲ್‌ನ ಎರಡು ಚಕ್ರಗಳಿಗೆ ಬೇರೆ ಬೇರೆ ವೇಗದಲ್ಲಿ ತಿರುಗಲು ಅವಕಾಶ ಕೊಡುವ ಗೇರುಗಳ ಜೋಡಣೆಯೇ ಡಿಫರೆನ್ಷಿಯಲ್. ಇದು ಎರಡೂ ಚಕ್ರಗಳಿಗೆ ಬಲವನ್ನು ಸಮಪಾಲಾಗಿ ಹಂಚುತ್ತದೆ. ಡಾಂಬರು ರಸ್ತೆಯಲ್ಲಿ ಗುಣವಾದ ಈ ಸಮಪಾಲೇ ಕೆಸರಿನಲ್ಲಿ ದೋಷವಾಗುತ್ತದೆ.

ಉದಾಹರಣೆಗೆ, ಹಿಂದಿನ ಎಡಚಕ್ರ ಒದ್ದೆ ಎರೆಮಣ್ಣಿನಲ್ಲಿದ್ದು ಜಾರುವ ಮುನ್ನ 50 ಕಿಲೋ ಎಳೆತವನ್ನು ಮಾತ್ರ ತಾಳಬಲ್ಲದು ಎಂದಿಟ್ಟುಕೊಳ್ಳೋಣ. ಬಲಚಕ್ರ ಫರ್ಸಿಯ ಮೇಲಿದ್ದು 400 ಕಿಲೋ ತಾಳಬಲ್ಲದು. ಸಮಪಾಲಿನ ನಿಯಮದಂತೆ ಬಲಚಕ್ರಕ್ಕೂ 50 ಕಿಲೋ ಮಾತ್ರ ದೊರೆಯುತ್ತದೆ. ಒಟ್ಟು ಎಳೆತ 100 ಕಿಲೋ. ಎಡಚಕ್ರ ಗಿರಗಿರನೆ ಸುತ್ತುತ್ತದೆ, ವಾಹನ ನಿಂತಲ್ಲೇ ನಿಲ್ಲುತ್ತದೆ. ಲಾಕ್ ಹಾಕಿದಾಗ ಎರಡೂ ಚಕ್ರಗಳು ಒಂದಾಗಿ ತಿರುಗುವುದರಿಂದ ಪ್ರತಿ ಚಕ್ರವೂ ತನ್ನ ಶಕ್ತ್ಯಾನುಸಾರ ಎಳೆಯುತ್ತದೆ. ಒಟ್ಟು 450 ಕಿಲೋ. ಎಂಜಿನ್‌ನ ಬಲ ಹೆಚ್ಚಿದ್ದಲ್ಲ, ಹಂಚಿಕೆ ಬದಲಾದದ್ದು.

ಎರಡೂ ಚಕ್ರಗಳು ಎರೆಯಲ್ಲೇ ಇದ್ದರೆ ಲಾಕ್ ಹಾಕಿದರೂ 50ಕ್ಕೆ 50 ಸೇರಿ 100 ಕಿಲೋ ಮಾತ್ರ. ಅಂದರೆ ಲಾಕ್ ಹಿಡಿತದ ಅಸಮಾನತೆಗೆ ಮದ್ದೇ ಹೊರತು ಹಿಡಿತದ ಅಭಾವಕ್ಕೆ ಮದ್ದಲ್ಲ. ನಮ್ಮ ಸೇಡಂ, ಚಿತ್ತಾಪುರ ಭಾಗದ ಕಪ್ಪು ಎರೆ ನೀರು ಕುಡಿದು ಉಬ್ಬಿ, ಟೈರಿನ ಗೀರುಗಳನ್ನು ತುಂಬಿ, ಟೈರನ್ನು ನುಣ್ಣಗೆ ಮಾಡಿಬಿಡುತ್ತದೆ. ಅಂಥಲ್ಲಿ ಬೇಕಾದದ್ದು ಆಳ ಗೀರಿನ ಟೈರು ಹಾಗೂ ಹಾದಿಗೆ ಮರಂ. ಗಣಿಯ ಅಂಚು, ಒಂದು ಬದಿ ಬಂಡೆ ಮತ್ತೊಂದು ಬದಿ ರಾಡಿ ಇರುವ ಹಾದಿ, ಒಂದು ಚಕ್ರ ಗಾಳಿಯಲ್ಲಿ ತೂಗುವ ತಗ್ಗು ಇವು ಲಾಕ್ ಕೆಲಸ ಮಾಡುವ ತಾಣಗಳು.

ಯಾವ ವಾಹನಕ್ಕೆ ಈ ಪ್ರಶ್ನೆ?

ಸದಸ್ಯರ ಬಳಿ ಇರುವ ಸಾಮಾನ್ಯ ಪಿಕಪ್ ಹಾಗೂ ಲಾರಿಗಳಲ್ಲಿ ಬಹುಪಾಲು ಹಿಂದಿನ ಚಕ್ರಗಳಿಂದ ಮಾತ್ರ ಚಲಿಸುವಂಥವು. ಇವುಗಳಿಗೆ ಮುಂದಿನ ಲಾಕಿನ ಪ್ರಶ್ನೆಯೇ ಉದ್ಭವಿಸುವುದಿಲ್ಲ. ಟ್ರ್ಯಾಕ್ಟರುಗಳಲ್ಲಿ ಹಿಂದಿನ ಆಕ್ಸಲ್‌ಗೆ ಲಾಕಿನ ಪೆಡಲ್ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಎರಡು ಹಿಂಬದಿ ಆಕ್ಸಲ್‌ಗಳ ಟಿಪ್ಪರುಗಳಲ್ಲಿ ಆಕ್ಸಲ್‌ಗಳ ನಡುವಿನ ಲಾಕ್ ಬೇರೆ, ಒಂದೇ ಆಕ್ಸಲ್‌ನ ಚಕ್ರಗಳ ನಡುವಿನ ಲಾಕ್ ಬೇರೆ ಎಂಬುದನ್ನು ಚಾಲಕರಿಗೆ ತಿಳಿಸಿಕೊಡಬೇಕು.

ಆಯ್ಕೆಯ ಪ್ರಶ್ನೆ ಬರುವುದು ನಾಲ್ಕು ಚಕ್ರ ಚಾಲನೆಯ ವಾಹನಗಳಲ್ಲಿ. ಲಾಕ್ ಇಲ್ಲದಿದ್ದರೆ ಇಂಥ ವಾಹನವೂ ಮುಂದಿನದೊಂದು, ಹಿಂದಿನದೊಂದು ಚಕ್ರ ಹಿಡಿತ ಕಳೆದುಕೊಂಡರೆ ನಿಂತುಬಿಡುತ್ತದೆ. ತಯಾರಕರೂ ಬೇರೆ ಬೇರೆ ದಾರಿ ಹಿಡಿದಿದ್ದಾರೆ. ಫೋರ್ಸ್ ಗೂರ್ಖಾದಲ್ಲಿ ಮುಂದೆ ಹಿಂದೆ ಎರಡೂ ಲಾಕ್‌ಗಳಿದ್ದು ಚಾಲಕನೇ ಅವನ್ನು ಹಾಕಬೇಕು. 2020ರಲ್ಲಿ ಬಂದ ಮಹೀಂದ್ರ ಥಾರ್‌ನ ಕೆಲವು ಮಾದರಿಗಳಲ್ಲಿ ಹಿಂದಿನ ಆಕ್ಸಲ್‌ಗೆ ಮಾತ್ರ, ಚಕ್ರ ಜಾರಿದಾಗ ತಾನಾಗಿಯೇ ಬೀಳುವ ಯಾಂತ್ರಿಕ ಲಾಕ್ ಇದೆ. 2022ರಲ್ಲಿ ನಮ್ಮ ದೇಶಕ್ಕೆ ಬಂದ ಟೊಯೊಟಾ ಹೈಲಕ್ಸ್‌ನಲ್ಲಿ ಹಿಂದಿನದಕ್ಕೆ ವಿದ್ಯುತ್ ಚಾಲಿತ ಲಾಕ್. 2023ರ ಮಾರುತಿ ಜಿಮ್ನಿಯಲ್ಲಿ ಲಾಕ್ ಇಲ್ಲ. ಜಾರುವ ಚಕ್ರಕ್ಕೆ ಬ್ರೇಕ್ ಹಾಕಿ ಬಲವನ್ನು ಇನ್ನೊಂದು ಚಕ್ರಕ್ಕೆ ತಿರುಗಿಸುವ ವ್ಯವಸ್ಥೆಯಿದೆ. ಒಂದೇ ಲಾಕ್ ಕೊಡುವ ತಯಾರಕರು ಅದನ್ನು ಹಿಂದೆಯೇ ಕೊಟ್ಟಿರುವುದು ಆಕಸ್ಮಿಕವಲ್ಲ.

ಹಿಂದಿನ ಲಾಕಿನ ಪರ

ಚಕ್ರದ ಮೇಲೆ ಎಷ್ಟು ಭಾರವಿದೆಯೋ ಅದಕ್ಕೆ ತಕ್ಕ ಹಿಡಿತ. 2000 ಕಿಲೋ ತೂಕದ, ಸಮತಟ್ಟಿನಲ್ಲಿ ಮುಂದೆ ಹಿಂದೆ ಸಮಭಾರವಿರುವ ವಾಹನವನ್ನು ತೆಗೆದುಕೊಳ್ಳಿ. ಅದರ ಆಕ್ಸಲ್‌ಗಳ ಅಂತರ 2.4 ಮೀಟರ್, ಭಾರಕೇಂದ್ರದ ಎತ್ತರ 0.7 ಮೀಟರ್ ಇದ್ದರೆ, 25 ಡಿಗ್ರಿ ಏರಿನಲ್ಲಿ ಹಿಂದಿನ ಚಕ್ರಗಳ ಮೇಲೆ ಸುಮಾರು 1150 ಕಿಲೋ, ಮುಂದಿನವುಗಳ ಮೇಲೆ ಸುಮಾರು 660 ಕಿಲೋ ಒತ್ತಡ ಬೀಳುತ್ತದೆ. ಹಿಂಬದಿಯಲ್ಲಿ ಕಲ್ಲನ್ನೋ ತೊಗರಿ ಚೀಲಗಳನ್ನೋ ಹೇರಿದರೆ ಅಂತರ ಮತ್ತಷ್ಟು ಹೆಚ್ಚುತ್ತದೆ. ಎಳೆಯುವ ಸಾಮರ್ಥ್ಯ ಎಲ್ಲಿ ಹೆಚ್ಚಿದೆಯೋ ಅಲ್ಲಿ ಬಂಡವಾಳ ಹೂಡುವುದು ಲಾಭಕರ.

ಎರಡನೆಯದಾಗಿ, ಹಿಂದಿನ ಲಾಕ್ ಸ್ಟೀರಿಂಗನ್ನು ನೇರವಾಗಿ ಬಿಗಿಯುವುದಿಲ್ಲ. ತಿರುವಿನಲ್ಲಿ ವಾಹನ ನೇರಕ್ಕೆ ಹೋಗಲು ತುಸು ಹಟ ಮಾಡುತ್ತದೆ, ಅಷ್ಟೆ. ಮೂರನೆಯದಾಗಿ, ಪಿಕಪ್‌ಗಳ ಹಿಂದಿನ ಆಕ್ಸಲ್ ಸಾಮಾನ್ಯವಾಗಿ ಗಟ್ಟಿಮುಟ್ಟಾದ ಒಂದೇ ಕೊಳವೆಯೊಳಗಿದ್ದು ಲಾಕಿನ ಹೆಚ್ಚುವರಿ ಒತ್ತಡವನ್ನು ತಾಳಬಲ್ಲದು.

ಮುಂದಿನ ಲಾಕಿನ ಪರ ಮತ್ತು ವಿರುದ್ಧ

ಮುಂದಿನ ಲಾಕ್ ನಿರುಪಯೋಗಿ ಎಂದು ಅರ್ಥವಲ್ಲ. ಗಣಿಯ ಮೆಟ್ಟಿಲಿನಂಥ ಅಂಚನ್ನು ಮುಂದಿನ ಚಕ್ರಗಳು ಹತ್ತಬೇಕಾದಾಗ ಅದು ವಾಹನವನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಹಿಮ್ಮುಖವಾಗಿ ಏರು ಹತ್ತುವಾಗ ಭಾರ ಮುಂದಿನ ಚಕ್ರಗಳ ಮೇಲೆ ಬೀಳುವುದರಿಂದ ಅಲ್ಲಿಯೂ ಅದರ ಪ್ರಯೋಜನವಿದೆ. ಚಿಂಚೋಳಿಯ ಕಡೆಯ ಕಲ್ಲುಗುಡ್ಡಗಳಂಥ ನೆಲದಲ್ಲಿ ನಿತ್ಯ ಏರಿ ಇಳಿಯುವವರಿಗೆ ಎರಡೂ ಲಾಕ್‌ಗಳು ಬೇಕಾಗಬಹುದು.

ಆದರೆ ಮುಂದಿನ ಲಾಕ್ ಹಾಕಿದಾಗ ಸ್ಟೀರಿಂಗ್ ಬಹಳ ಭಾರವಾಗುತ್ತದೆ. ಚಕ್ರ ತಿರುಗಿಸಿದರೂ ವಾಹನ ನೇರಕ್ಕೆ ನುಗ್ಗುತ್ತದೆ. ಸ್ಟೀರಿಂಗನ್ನು ಪೂರ್ಣ ತಿರುಗಿಸಿ ಆಕ್ಸಿಲರೇಟರ್ ಒತ್ತಿದರೆ ಮುಂದಿನ ಶಾಫ್ಟ್‌ನ ಕೀಲುಗಳು ಮುರಿಯುವ ಸಂಭವವಿದೆ. ಪಕ್ಕಕ್ಕೆ ವಾಲಿದ ಹಾದಿಯಲ್ಲಿ ಯಾವ ಆಕ್ಸಲ್‌ಗೆ ಲಾಕ್ ಹಾಕಿದ್ದರೂ ಅದರ ಎರಡು ಚಕ್ರಗಳು ಒಟ್ಟಿಗೆ ಜಾರಿ ಆ ತುದಿ ಇಳಿಜಾರಿನ ಕಡೆಗೆ ಸರಿಯುತ್ತದೆ. ಮುಂದಿನ ತುದಿ ಸರಿದರೆ ದಿಕ್ಕೇ ಕೈತಪ್ಪಿದಂತೆ. ಒಂದು ಬದಿ ಗಣಿಯ ಆಳ ಗುಂಡಿಯಿರುವ ನಮ್ಮ ಹಾದಿಗಳಲ್ಲಿ ಇದು ಪ್ರಾಣದ ಪ್ರಶ್ನೆ.

ತೆರಿಗೆಯ ದೃಷ್ಟಿ

1. ವ್ಯವಹಾರದ ವಾಹನಕ್ಕೆ ಹೊಸದಾಗಿ ಲಾಕ್ ಅಳವಡಿಸಿದರೆ ಅದು ಬಂಡವಾಳ ವೆಚ್ಚ. ವಾಹನದ ಬೆಲೆಗೆ ಸೇರಿಸಿ ಸವಕಳಿ ಪಡೆಯಬೇಕು. ಇರುವ ಲಾಕಿನ ದುರಸ್ತಿ ಆ ವರ್ಷದ ಸಾಮಾನ್ಯ ವೆಚ್ಚ.

2. ಆಸ್ತಿಯು ಖರೀದಿಯ ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಕೆಯಾದರೆ ಆ ವರ್ಷ ಅರ್ಧ ದರದ ಸವಕಳಿ ಮಾತ್ರ.

3. 2017ರ ಕೇಂದ್ರ ಜಿಎಸ್‌ಟಿ ಕಾಯ್ದೆಯ ಕಲಂ 17(5)ರಂತೆ, ಚಾಲಕ ಸೇರಿ 13 ಆಸನಗಳವರೆಗಿನ ಪ್ರಯಾಣಿಕ ವಾಹನದ ಖರೀದಿ ತೆರಿಗೆಗೆ, ಕೆಲವು ವಿನಾಯಿತಿಗಳ ಹೊರತು, ಇನ್‌ಪುಟ್ ತೆರಿಗೆ ಜಮೆ ಸಿಗದು. ಸರಕು ಸಾಗಣೆಯ ವಾಹನಕ್ಕೆ ಈ ನಿರ್ಬಂಧವಿಲ್ಲ. ಆದರೆ ನಿಮ್ಮ ಮಾರಾಟ ತೆರಿಗೆಗೆ ಒಳಪಟ್ಟಿರಬೇಕು. ಜಮೆ ಪಡೆದ ತೆರಿಗೆಯ ಮೊತ್ತದ ಮೇಲೆ ಮತ್ತೆ ಸವಕಳಿ ಪಡೆಯುವಂತಿಲ್ಲ.

4. ಹೊರಗೆ ಅಳವಡಿಸುವ ಮುನ್ನ ಖಾತರಿಯ ಷರತ್ತುಗಳನ್ನು ಓದಿರಿ. ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಿರಿ.

ಇಷ್ಟೆಲ್ಲ ಆದರೂ, ತೆರಿಗೆಯಲ್ಲಿ ಉಳಿಯುವುದು ಖರ್ಚಿನ ಒಂದು ಭಾಗ ಮಾತ್ರ. ಬೇಡದ ವಸ್ತುವಿಗೆ ಸವಕಳಿ ಸಿಕ್ಕಿತೆಂದು ಅದು ಲಾಭವಾಗುವುದಿಲ್ಲ.

ಒಂದು ಮಳೆಗಾಲದ ಲೆಕ್ಕ

ಕಕ್ಷಿದಾರರಿಗೆ ನಾನು ಹೇಳಿದ್ದು ಇಷ್ಟೆ: ಒಂದು ಮಳೆಗಾಲ ಚಾಲಕನ ಕೈಗೆ ನೋಟ್‌ಬುಕ್ ಕೊಡಿರಿ. ವಾಹನ ಸಿಕ್ಕಿಬಿದ್ದಾಗಲೆಲ್ಲ ದಿನಾಂಕ, ಸ್ಥಳ, ಯಾವ ಚಕ್ರ ಸುತ್ತಿತು, ಅದರ ಜೊತೆಯ ಚಕ್ರ ಗಟ್ಟಿ ನೆಲದಲ್ಲಿತ್ತೇ, ಹೊರತೆಗೆಯಲು ಎಷ್ಟು ಖರ್ಚಾಯಿತು, ಎಷ್ಟು ಜನ ಕೆಲಸವಿಲ್ಲದೆ ಕುಳಿತರು ಎಂಬ ಆರು ಅಂಶಗಳನ್ನು ಬರೆಯಿಸಿರಿ. ನಾಲ್ಕು ತಿಂಗಳಲ್ಲಿ ಹದಿನಾರು ನಮೂದುಗಳಾದವು. ಹತ್ತರಲ್ಲಿ ಹಿಂದಿನ ಒಂದೇ ಚಕ್ರ ಸುತ್ತಿತ್ತು, ಇನ್ನೊಂದು ಫರ್ಸಿಯ ಮೇಲಿತ್ತು. ಐದರಲ್ಲಿ ಎಲ್ಲ ಚಕ್ರಗಳೂ ಎರೆಯಲ್ಲಿ ಹುದುಗಿದ್ದವು. ಐದೂ ಒಂದೇ ತಗ್ಗಿನಲ್ಲಿ. ಮುಂದಿನ ಲಾಕ್ ಬೇಕಾಗಿದ್ದದ್ದು ಒಂದೇ ಬಾರಿ.

ಅವರು ಹಿಂದಿನ ಲಾಕ್ ಮಾತ್ರ ಹಾಕಿಸಿದರು. ಮುಂದಿನದಕ್ಕೆ ಎತ್ತಿಟ್ಟ ಹಣದಲ್ಲಿ ಟೈರು ಬದಲಿಸಿ, ಆ ತಗ್ಗಿಗೆ ಮರಂ ಹಾಕಿಸಿದರು. ಮರುವರ್ಷ ವಾಹನ ಮೂರು ಬಾರಿ ಸಿಕ್ಕಿಕೊಂಡಿತು. ಮೂರೂ ಬಾರಿ ಎರೆಯಲ್ಲೇ.

ಚಾಲಕನಿಗೆ ತಿಳಿಸಬೇಕಾದವು

ಕೆಟ್ಟ ಜಾಗ ಕಂಡಾಗ, ಒಳಗೆ ಹೋಗುವ ಮುನ್ನವೇ ವಾಹನ ನಿಲ್ಲಿಸಿ ಲಾಕ್ ಹಾಕಬೇಕು. ಚಕ್ರ ರಭಸದಿಂದ ಸುತ್ತುತ್ತಿರುವಾಗ ಹಾಕಿದರೆ ಹಲ್ಲುಗಳು ಮುರಿಯುತ್ತವೆ. ಗಟ್ಟಿ ನೆಲ ಸಿಕ್ಕ ಕೂಡಲೇ ತೆಗೆಯಬೇಕು. ಡಾಂಬರಿನ ಮೇಲೆ ಲಾಕ್ ಹಾಕಿಕೊಂಡು ತಿರುಗಿದರೆ ಟೈರು ಸವೆದು ಶಾಫ್ಟ್‌ಗೆ ಪೆಟ್ಟು ಬೀಳುತ್ತದೆ. ಎರಡೂ ಇದ್ದರೆ ಮೊದಲು ಹಿಂದಿನದು, ಅದರಿಂದ ಸಾಗದಿದ್ದರೆ ಮಾತ್ರ ಮುಂದಿನದು, ಅದೂ ನೇರ ಹಾದಿಯಲ್ಲಿ. ಲಾಕ್ ಇದ್ದರೂ ಎಳೆಸಬೇಕಾದ ಸಂದರ್ಭ ಬಂದೇ ಬರುತ್ತದೆ. ಆಗ ಸರಪಳಿಯ ಹತ್ತಿರ ಯಾರನ್ನೂ ನಿಲ್ಲಗೊಡಬಾರದು.

ಭಾರ ಹೊರುವ ವಾಹನಕ್ಕೆ ಮೊದಲು ಒಳ್ಳೆಯ ಟೈರು, ನಂತರ ಹಿಂದಿನ ಲಾಕ್. ನೋಟ್‌ಬುಕ್ ಕೇಳಿದರೆ ಮಾತ್ರ ಮುಂದಿನದು. ಲೆಕ್ಕ ಹಾಕುವಾಗ ಜೆಸಿಬಿಯ ಬಾಡಿಗೆಯ ಜೊತೆಗೆ ಆ ಆಸ್ಪತ್ರೆಯ ಬಿಲ್ಲನ್ನೂ ಸೇರಿಸಿಕೊಳ್ಳಬೇಕೆಂದು ಸದಸ್ಯ ಬಾಂಧವರಲ್ಲಿ ನನ್ನ ವಿನಂತಿ.