ಹುಣಸೆಬೀಜ ಬಿಡಿಸುವ ಯಂತ್ರದಿಂದ ಪದ್ಮಶ್ರೀವರೆಗೆ



ವಿಜ್ಞಾನ ಹಾಗೂ ತಂತ್ರಜ್ಞಾನದಲ್ಲಿ ಹೊಸ ಸಾಧನೆ ಮಾಡಿದವರಿಗೆ ಪ್ರಶಸ್ತಿ ಬಂತೆಂಬ ಸುದ್ದಿ ಪತ್ರಿಕೆಯಲ್ಲಿ ಕಂಡರೆ, ಊರ ವಾಚನಾಲಯದಲ್ಲಿ ಕುಳಿತ ನಮ್ಮ ರೈತರು ಸಾಮಾನ್ಯವಾಗಿ ಆ ಹಾಳೆ ಮಗುಚಿ ಅಮರಗೋಳ ಮಾರುಕಟ್ಟೆಯ ಧಾರಣೆ ನೋಡುತ್ತಾರೆ. ಅದು ಪ್ರಯೋಗಾಲಯದವರ ಮಾತು, ಕುಂಟೆ ಹೊಡೆಯುವವನಿಗೆ ಅದರಿಂದೇನು ಎಂಬುದು ಅವರ ಎಣಿಕೆ. ಈ ಎಣಿಕೆ ಸರಿಯಲ್ಲವೆಂದು ತೋರಿಸಲು ದೂರದ ಉದಾಹರಣೆ ಬೇಕಾಗಿಲ್ಲ. ನಮ್ಮ ಧಾರವಾಡ ಜಿಲ್ಲೆಯೇ ಸಾಕು.

ಹುಬ್ಬಳ್ಳಿಯಿಂದ ಗದಗಿಗೆ ಹೋಗುವ ರಸ್ತೆಯ ಮೇಲೆ ಅಣ್ಣಿಗೇರಿ ಇದೆ. ಆದಿಕವಿ ಪಂಪನ ಊರೆಂದು ಹೆಸರಾದ ಇದೇ ಊರಿನ ರೈತ ಶ್ರೀ ಅಬ್ದುಲ್ ಖಾದರ್ ನಡಕಟ್ಟಿನ್ ಅವರಿಗೆ 2015ರಲ್ಲಿ ರಾಷ್ಟ್ರೀಯ ನಾವೀನ್ಯತಾ ಪ್ರತಿಷ್ಠಾನದ ಜೀವಮಾನ ಸಾಧನೆ ಪ್ರಶಸ್ತಿ ಬಂತು. ದೆಹಲಿಯ ರಾಷ್ಟ್ರಪತಿ ಭವನದಲ್ಲಿ ಆಗಿನ ರಾಷ್ಟ್ರಪತಿ ಪ್ರಣಬ್ ಮುಖರ್ಜಿಯವರು ಅದನ್ನು ನೀಡಿದರು. 2022ರಲ್ಲಿ ಪದ್ಮಶ್ರೀಯೂ ಸಂದಿತು. ಇವರು ಇಂಜಿನಿಯರಿಂಗ್ ಓದಿದವರಲ್ಲ. ಕೃಷಿ ಪದವಿ ಓದಬೇಕೆಂಬ ಆಸೆ ಇದ್ದರೂ ಮನೆಯ ಒಕ್ಕಲುತನ ನೋಡಿಕೊಳ್ಳಬೇಕೆಂದು ತಂದೆ ಹೇಳಿದ್ದರಿಂದ ಎಸ್ಸೆಸ್ಸೆಲ್ಸಿಗೇ ಓದು ನಿಂತಿತು.

ಅವರ ಮೊದಲ ಉಪಾಯದ ಕಥೆ ಕೇಳಿದರೆ ನಗು ಬರುತ್ತದೆ. ಹುಡುಗನಾಗಿದ್ದಾಗ ಅವರಿಗೆ ನಸುಕಿನಲ್ಲಿ ಏಳುವುದು ಆಗುತ್ತಿರಲಿಲ್ಲವಂತೆ. ಅಲಾರಾಂ ಗಡಿಯಾರ ಬಾರಿಸಿದರೂ ಎಚ್ಚರವಿಲ್ಲ. ಗಡಿಯಾರ ಬಾರಿಸುವಾಗ ಅದರ ಕೀಲಿ ತಿರುಗುತ್ತದೆ ಎಂಬುದನ್ನು ಗಮನಿಸಿದ ಅವರು ಆ ಕೀಲಿಗೆ ದಾರ ಕಟ್ಟಿ, ದಾರದ ಇನ್ನೊಂದು ತುದಿಯನ್ನು ನೀರಿನ ಬಾಟಲಿಗೆ ಬಿಗಿದರು. ಗಂಟೆ ಹೊಡೆದೊಡನೆ ದಾರ ಸುತ್ತಿಕೊಂಡು ಬಾಟಲಿ ವಾಲಿ ಮುಖದ ಮೇಲೆ ನೀರು! ಹುಡುಗಾಟವೆಂದು ಬಿಡಬೇಡಿರಿ. ಒಂದು ಯಂತ್ರದಲ್ಲಿ ಪುಕ್ಕಟೆ ಸಿಗುವ ತಿರುಗಾಟವನ್ನು ಬೇರೊಂದು ಕೆಲಸಕ್ಕೆ ಹಚ್ಚುವುದೇ ಯಂತ್ರವಿದ್ಯೆಯ ಅರ್ಧ ಭಾಗ. ಗಾಲಿಯ ಸುತ್ತಿನಿಂದ ಬೀಜ ಬೀಳಿಸುವ ಬಿತ್ತನೆ ಯಂತ್ರದಲ್ಲಿಯೂ ಇದೇ ತತ್ವ.

ಇನ್ನು ಹುಣಸೆಯ ವಿಷಯ. ಮಳೆ ನಂಬಿದ ಎರೆಭೂಮಿಯಲ್ಲಿ ಮಾವು, ಚಿಕ್ಕು ಹಚ್ಚಿ ನೋಡಿದರೂ ನೀರಿನ ಕೊರತೆಯಿಂದ ಅವು ಕೈ ಹಿಡಿಯಲಿಲ್ಲ. ಕೊಳವೆ ಬಾವಿಯಲ್ಲಿ ಬಂದದ್ದು ಸವಳು ನೀರು. ಬರವನ್ನೂ ಸವಳನ್ನೂ ತಾಳುವ ಗಿಡವೆಂದು ಹುಣಸೆ ಹಚ್ಚಿದಾಗ ಜನ ಅವರನ್ನು ‘ಹುಣಸೆ ಹುಚ್ಚ’ ಎಂದು ಕರೆದರು. ಗಿಡಗಳು ಬೆಳೆದು ಫಸಲು ಬಂದವು. ತೊಡಕು ಶುರುವಾದದ್ದು ಆಮೇಲೆ.

ಹುಣಸೆಹಣ್ಣು ಬಿಡಿಸುವ ಕೆಲಸ ಎಂಥದೆಂದು ನಿಮ್ಮ ಮನೆಯ ಹೆಣ್ಣುಮಕ್ಕಳನ್ನು ಕೇಳಿರಿ. ಸಿಪ್ಪೆ ಒಡೆಯಬೇಕು, ನಾರು ತೆಗೆಯಬೇಕು, ಆಮೇಲೆ ಒಂದೊಂದೇ ಬೀಜವನ್ನು ಕುಟ್ಟಿಯೋ ಸೀಳಿಯೋ ಹೊರಹಾಕಬೇಕು. ಹುಳಿ ತಾಗಿ ಬೆರಳು ಸುಲಿಯುತ್ತದೆ, ಏಟು ತಪ್ಪಿದರೆ ಉಗುರು ಹೋಗುತ್ತದೆ. ಇದೆಲ್ಲ ನಡೆಯುವುದು ಬೇಸಿಗೆಯ ಉರಿಯಲ್ಲಿ. ಯಂತ್ರಕ್ಕೂ ಇದು ಸುಲಭದ ಕೆಲಸವಲ್ಲ. ತಿರುಳು ಅಂಟು, ಬೀಜ ಕಲ್ಲಿನಷ್ಟು ಗಟ್ಟಿ. ಏಟು ಜೋರಾದರೆ ಬೀಜ ಒಡೆದು ತಿರುಳಿನಲ್ಲಿ ಬೆರೆತು ಮಾಲು ಕೆಡುತ್ತದೆ. ಹಗುರಾದರೆ ಬೀಜ ಬಿಡುವುದಿಲ್ಲ. ಹಣ್ಣು ಹಸಿಯಿದ್ದ ದಿನ ಒಂದು ಬಗೆ, ಒಣಗಿದ ದಿನ ಇನ್ನೊಂದು ಬಗೆ. ಇಂಥ ಕೆಲಸಕ್ಕೆ ನಡಕಟ್ಟಿನ್ ಅವರು ಯಂತ್ರ ಕಟ್ಟಿದರು. ಹುಣಸೆಬೀಜ ಬೇರ್ಪಡಿಸುವ ಈ ಯಂತ್ರವೇ ಅವರ ಹೆಸರನ್ನು ಜಿಲ್ಲೆಯಾಚೆ ಒಯ್ದಿತು. ಮುಂದೆ ಬೀಜ ಮತ್ತು ಗೊಬ್ಬರ ಒಟ್ಟಿಗೆ ಹಾಕುವ ಕೂರಿಗೆ, ನೇಗಿಲಿನ ಅಲಗು ಮಾಡುವ ಯಂತ್ರ, ಕಬ್ಬು ನಾಟಿಯ ಯಂತ್ರ, ನೀರು ಕಾಯಿಸುವ ಬಾಯ್ಲರ್ ಇವೆಲ್ಲವೂ ಬಂದವು.

ಕೂರಿಗೆಯ ಬಗ್ಗೆ ನಾಲ್ಕು ಮಾತು ಹೇಳಬೇಕು. ನಮ್ಮ ಹಿರಿಯರ ಕೂರಿಗೆ ಸಾಮಾನ್ಯ ಸಾಧನವಲ್ಲ. ಆದರೆ ಬಟ್ಟಲಿಗೆ ಬೀಜ ಬಿಡುವವರ ಮುಷ್ಟಿಯ ಹದದ ಮೇಲೆ ಇಡೀ ಹೊಲದ ಬೆಳೆ ನಿಂತಿರುತ್ತದೆ. ಕೈ ಸೋತಲ್ಲಿ ಸಾಲು ತೆಳುವು, ಬಿಗಿದಲ್ಲಿ ದಟ್ಟ. ರಾಸಾಯನಿಕ ಗೊಬ್ಬರ ಬಂದ ಮೇಲೆ ಇನ್ನೊಂದು ತೊಡಕು. ಬೀಜಕ್ಕೆ ಗೊಬ್ಬರ ತಾಗಿದರೆ ಮೊಳಕೆ ಸುಡುತ್ತದೆ, ದೂರ ಬಿದ್ದರೆ ಎಳೆಯ ಬೇರಿಗೆ ಸಿಗುವುದಿಲ್ಲ. ಬೀಜದಿಂದ ಸುಮಾರು 5 ಸೆಂಟಿಮೀಟರ್ ಪಕ್ಕಕ್ಕೆ, ಅಷ್ಟೇ ಕೆಳಗೆ ಗೊಬ್ಬರ ಬೀಳಬೇಕೆಂದು ನಾವು ಸಭೆಗಳಲ್ಲಿ ಹೇಳುತ್ತಲೇ ಬಂದಿದ್ದೇವೆ. ಹೇಳುವುದು ಸುಲಭ. ಹಿಂಗಾರಿ ಹದ ಆರುವುದರೊಳಗೆ ಬಿತ್ತಿ ಮುಗಿಸಬೇಕಾದ ರೈತನಿಗೆ ಬೇಕಾದದ್ದು ಉಪದೇಶವಲ್ಲ, ಅಷ್ಟು ಅಂತರವನ್ನು ತಾನಾಗಿಯೇ ಕಾಯುವ ಸಾಧನ.

ಎರಡನೆಯ ಉದಾಹರಣೆ ಕುಂದಗೋಳ ತಾಲೂಕಿನ ತೀರ್ಥ ಗ್ರಾಮದ್ದು. ಅಲ್ಲಿಯ ಬೀಬಿ ಫಾತಿಮಾ ಮಹಿಳಾ ಸ್ವಸಹಾಯ ಸಂಘಕ್ಕೆ 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದವರು ನೀಡುವ ಈಕ್ವೇಟರ್ ಪ್ರಶಸ್ತಿ ದೊರೆಯಿತು. ಈ ತಾಯಂದಿರು ಸಿರಿಧಾನ್ಯಗಳ ಬೀಜ ಬ್ಯಾಂಕು ನಡೆಸಿದರು, ಸೌರಶಕ್ತಿಯಿಂದ ಓಡುವ ಸಂಸ್ಕರಣ ಘಟಕವನ್ನೂ ಕಟ್ಟಿಕೊಂಡರು. ಸಾವಿ, ನವಣಿ, ಬರಗು ನಮ್ಮ ಹೊಲದಿಂದ ಏಕೆ ಹೋದವು? ಇಳುವರಿ ಕಡಿಮೆ ಎಂದು ಎಲ್ಲರೂ ಹೇಳುತ್ತಾರೆ. ಅದು ಅರ್ಧ ಮಾತು. ಜೋಳ, ರಾಗಿಗೆ ಹೊಟ್ಟು ಬಿಡಿಸುವ ಗೊಡವೆ ಇಲ್ಲ, ತಂದು ಬೀಸಿದರಾಯಿತು. ಸಾವಿಯ ಸಿಪ್ಪೆ ಕಾಳಿಗೆ ಕಚ್ಚಿಕೊಂಡಿರುತ್ತದೆ. ಒರಳಿನಲ್ಲಿ ಕುಟ್ಟಿ, ಕೇರಿ, ಮತ್ತೆ ಕುಟ್ಟಬೇಕು. ಕುಟ್ಟುವವರು ಬೇಸತ್ತಾಗ ಬೆಳೆಯೂ ಹೊಲ ಬಿಟ್ಟಿತು. ಹೊಟ್ಟು ಬಿಡಿಸುವ ಯಂತ್ರ ಊರಿಗೆ ಬಂದರೆ ಬೀಜವೂ ಹಿಂದಿರುಗುತ್ತದೆ.

ಇವೆರಡನ್ನೂ ಒತ್ತಟ್ಟಿಗೆ ಇಟ್ಟು ನೋಡಿರಿ. ಎರಡರಲ್ಲಿಯೂ ಉಪಾಯ ಹುಟ್ಟಿದ್ದು ಬೆಳೆ ಮನೆಗೆ ಬಂದ ಮೇಲಿನ ದಣಿವಿನಲ್ಲಿ. ಅದೂ ಬಹುಮಟ್ಟಿಗೆ ಹೆಂಗಸರ ಕೈಯ ದಣಿವು. ಹೊಸ ತಳಿ, ಹೊಸ ಔಷಧಿಯ ಮಾತು ಬಂದಾಗ ಕಿವಿ ನಿಮಿರಿಸುವ ನಾವು ಅಂಗಳದಲ್ಲಿ ನಡೆಯುವ ಈ ಕೆಲಸವನ್ನು ಕೆಲಸವೆಂದೇ ಎಣಿಸುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಮುಂದಿನ ಪ್ರಶಸ್ತಿಗಳೂ ಅಲ್ಲಿಯೇ ಬಿದ್ದಿವೆ. ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಮುರಿಯುವುದು, ಶೇಂಗಾ ಬಳ್ಳಿಯಿಂದ ಕಾಯಿ ಹರಿಯುವುದು, ಹತ್ತಿ ಬಿಡಿಸುವುದು. ಇವುಗಳಿಗೆ ದೊಡ್ಡ ಯಂತ್ರಗಳು ಇಲ್ಲವೆಂದಲ್ಲ. ಎರಡು ಎಕರೆಯವನ ಅಂಗಳಕ್ಕೆ ಹೊಂದುವಂಥದು ಬೇಕು.

ವಿಜ್ಞಾನಿಯ ಕೆಲಸಕ್ಕೆ ದಾಖಲೆ ಇರುತ್ತದೆ. 1972ರಲ್ಲಿ ಧಾರವಾಡದಲ್ಲಿ ಡಾ. ಬಿ. ಎಚ್. ಕಾತರಕಿಯವರು ವರಲಕ್ಷ್ಮಿ ಸಂಕರಣ ಹತ್ತಿಯನ್ನು ಬಿಡುಗಡೆ ಮಾಡಿದರು. 1981ರಲ್ಲಿ ಜಯಲಕ್ಷ್ಮಿ ಬಂತು. ಯಾವ ತಾಯಿ ತಳಿ, ಯಾವ ತಂದೆ ತಳಿ ಎಂಬುದು ಇಂದಿಗೂ ಕಾಗದದ ಮೇಲಿದೆ. ಆದರೆ ನಿಮ್ಮೂರ ಕಮ್ಮಾರ ಎಡೆಕುಂಟೆಯ ಕುಡವನ್ನು ಬೇರೆ ಓರೆಯಲ್ಲಿ ಬಾಗಿಸಿ ಕಳೆ ಸಿಗುವಂತೆ ಮಾಡಿದ್ದು ಎಲ್ಲಿ ಬರೆದಿದೆ? ಅವನ ಕುಲುಮೆ ಆರಿದ ದಿನ ಆ ಓರೆಯೂ ಹೋಯಿತು. ಬಡಿಗ ಮತ್ತು ಕಮ್ಮಾರರ ಮಕ್ಕಳು ಹುಬ್ಬಳ್ಳಿಗೆ ಕೆಲಸಕ್ಕೆ ಹೋದ ಎಷ್ಟೋ ಊರುಗಳಲ್ಲಿ ಇದು ಈಗಾಗಲೇ ಆಗಿದೆ.

ಬರೆದಿಡುವುದು ಕಷ್ಟವಲ್ಲ. ಮಗನ ಶಾಲೆಯ ನೋಟ್‌ಬುಕ್ಕಿನ ನಾಲ್ಕು ಹಾಳೆ ಸಾಕು. ಏನು ತೊಂದರೆ ಇತ್ತು, ಮೊದಲು ಏನು ಮಾಡಿದಿರಿ, ಅದು ಏಕೆ ಕೆಟ್ಟಿತು, ಈಗಿನದರ ಅಳತೆ ಎಷ್ಟು, ಒಂದು ದಿನಕ್ಕೆ ಎಷ್ಟು ಕೆಲಸ, ಎಷ್ಟು ಆಳು, ಎಷ್ಟು ಖರ್ಚು. ತಾರೀಖು ಹಾಕಿರಿ. ಕೆಟ್ಟು ಹೋದ ಮಾದರಿಯನ್ನು ಗುಜರಿಗೆ ಹಾಕಬೇಡಿರಿ, ಪರೀಕ್ಷಿಸಲು ಬಂದವರು ಹೆಚ್ಚಾಗಿ ಕೇಳುವುದು ಅದನ್ನೇ. ಮತ್ತೊಂದು ಮಾತು: ಪ್ರಯೋಗಕ್ಕಾಗಿ ಹೊಲ ಒತ್ತೆ ಹಾಕಬೇಡಿರಿ. ಮೊದಲ ಮಾದರಿ ಕಟ್ಟಿಗೆಯದು, ಹಳೆಯ ಸೈಕಲ್ಲಿನ ಚೈನಿನದು ಆಗಿರಲಿ.

ತೋರಿಸುವ ಮುನ್ನ ಇನ್ನೊಂದು ಎಚ್ಚರಿಕೆ. 1970ರ ಪೇಟೆಂಟ್ ಕಾಯಿದೆಯಂತೆ ಬೇಸಾಯದ ಪದ್ಧತಿಗೆ ಪೇಟೆಂಟ್ ಇಲ್ಲ, ಆದರೆ ಹೊಸ ಯಂತ್ರಕ್ಕೆ ಉಂಟು, ಅದೂ 20 ವರ್ಷದ ಅವಧಿಗೆ. ಜನರೆದುರು ಬಹಿರಂಗವಾಗಿ ತೋರಿಸಿದ ಮೇಲೆ ಅದು ‘ಹೊಸದು’ ಎನಿಸುವುದು ಕಷ್ಟ. ಹೀಗೆ ಜಾತ್ರೆಯಲ್ಲಿ ಇಟ್ಟ ಸಾಧನದ ಅಳತೆ ಹಿಡಿದುಕೊಂಡು ಹೋಗಿ ಮರು ಹಂಗಾಮಿಗೆ ಬೇರೆಯವರು ಮಾರಿದ್ದನ್ನು ನಾನು ಕಂಡಿದ್ದೇನೆ. ಮಾಡಿದಾತನಿಗೆ ನ್ಯಾಯ ಕೇಳಲು ಕೈಯಲ್ಲಿ ಕಾಗದವೇ ಇರಲಿಲ್ಲ. ಆದ್ದರಿಂದ ಮೊದಲು ತಾತ್ಕಾಲಿಕ ಅರ್ಜಿ ಹಾಕಿದರೆ ಪೂರ್ಣ ವಿವರ ಕೊಡಲು 12 ತಿಂಗಳ ಅವಕಾಶ ಸಿಗುತ್ತದೆ. ಗುಜರಾತಿನಲ್ಲಿ ನೆಲೆ ಇರುವ, 2000ದಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ನಾವೀನ್ಯತಾ ಪ್ರತಿಷ್ಠಾನವು ಹಳ್ಳಿಯ ಸಂಶೋಧಕರಿಗೆ ಪೇಟೆಂಟ್ ಕೆಲಸದಲ್ಲಿ ನೆರವಾಗುತ್ತದೆ. ಸ್ವಂತ ಬುದ್ಧಿಯಿಂದ ಮಾಡಿದ್ದಿರಬೇಕು, ಅಷ್ಟೇ.

ರಾಜ್ಯ ಕೃಷಿ ಇಲಾಖೆಯ ‘ಕೃಷಿ ಪಂಡಿತ’ ಪ್ರಶಸ್ತಿಗೆ ಅರ್ಜಿ ಕರೆದಾಗ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬಹುದು. ಧಾರವಾಡ ಕೃಷಿ ವಿಶ್ವವಿದ್ಯಾಲಯವು ತನ್ನ ಕೃಷಿ ಮೇಳದಲ್ಲಿ ವ್ಯಾಪ್ತಿಯ 7 ಜಿಲ್ಲೆಗಳ ಶ್ರೇಷ್ಠ ಕೃಷಿಕರನ್ನೂ ಕೃಷಿ ಮಹಿಳೆಯರನ್ನೂ ಸನ್ಮಾನಿಸುತ್ತ ಬಂದಿದೆ. ಸನ್ಮಾನದ ಶಾಲು ಎರಡು ದಿನದ್ದು, ಒಪ್ಪುತ್ತೇನೆ. ಆದರೆ ಪ್ರಶಸ್ತಿಯ ಪರೀಕ್ಷೆಗಾಗಿ ಪರಿಣತರು ಹೊಲಕ್ಕೆ ಬಂದು ಅಳೆದು ನೋಡುತ್ತಾರೆ, ಅವರ ವರದಿ ಉಳಿಯುತ್ತದೆ, ಆ ವರದಿ ಹಿಡಿದು ಬ್ಯಾಂಕಿಗೂ ವರ್ಕ್‌ಶಾಪಿಗೂ ಹೋಗಬಹುದು. ಅರ್ಜಿ ಹಾಕುವ ಮೊದಲು ನೀವೇ ಒಂದು ಪರೀಕ್ಷೆ ಮಾಡಿಕೊಳ್ಳಿರಿ. ನಿಮ್ಮ ಸಾಧನವನ್ನು ನಂಬಿಕೆಯ ಬದುವಿನ ನೆರೆಯವನಿಗೆ ಒಂದು ದಿನ ಕೊಟ್ಟು ನೋಡಿರಿ. ಮರುದಿನ ಅವನು ತಾನಾಗಿ ಮತ್ತೆ ಕೇಳಲು ಬಂದರೆ, ಅವನ ಹೆಸರನ್ನೂ ಅವನು ಹೇಳಿದ ಕುಂದುಕೊರತೆಯನ್ನೂ ಅದೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಯಂತ್ರದ ಒಂದು ಫೋಟೋ ಅಂಟಿಸಿ, ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ತನ್ನಿರಿ.