ಒಂದೇ ಮರದ ಮಂಗ, ಕಲ್ಲುಹೂ

ಸೊರಬ ತಾಲ್ಲೂಕಿನ ಕುಪ್ಪಗಡ್ಡೆಯ ಕಡೆ ಮಂಗ ಅಂದರೆ ಮೊದಲು ನೆನಪಾಗುವುದು ಹಾಳಾದ ಬಾಳೆಗೊನೆ, ಕಿತ್ತು ಬಿಸಾಡಿದ ಎಳೆ ಅಡಕೆ. ಕಲ್ಲುಹೂ ಅಂದರೆ ಬಿಸಿಬೇಳೆಬಾತಿನ ಪುಡಿಯ ಪರಿಮಳ. ಒಂದನ್ನು ಓಡಿಸುತ್ತೇವೆ, ಇನ್ನೊಂದನ್ನು ಹುರಿಯುತ್ತೇವೆ. ಎರಡೂ ಹಳೆಯ ಮರಗಳನ್ನೇ ನಂಬಿ ಬದುಕಿವೆ ಅನ್ನುವುದು ನಮ್ಮ ಲೆಕ್ಕಕ್ಕೆ ಬಂದಿಲ್ಲ.

ಬೈತಲೆ ತೆಗೆದು ಬಾಚಿದಂಥ ತಲೆಗೂದಲಿನ ಈ ಮಂಗ ದಕ್ಷಿಣ ಭಾರತ ಬಿಟ್ಟರೆ ಲೋಕದ ಬೇರೆ ಯಾವ ಕಾಡಿನಲ್ಲೂ ಇಲ್ಲ. ಎಲ್ಲೆಲ್ಲೂ ಕಾಣುತ್ತದಲ್ಲ ಎಂದು ನಾವು ಅಂದುಕೊಂಡಿರುವಾಗಲೇ ಐಯುಸಿಎನ್ ಕೆಂಪು ಪಟ್ಟಿ ಇದನ್ನು ಅಳಿವಿನ ಅಪಾಯಕ್ಕೆ ಸುಲಭವಾಗಿ ತುತ್ತಾಗಬಲ್ಲ ಜೀವಿಗಳ ಸಾಲಿಗೆ ಸೇರಿಸಿದೆ. ಮೈಸೂರಿನ ಸುತ್ತ ರಸ್ತೆ ಅಗಲವಾಗಿ ಸಾಲುಮರದ ಆಲ, ಅತ್ತಿಗಳು ಉರುಳಿದಂತೆ ಮಂಗಗಳ ಗುಂಪುಗಳೂ ಕರಗಿದ್ದನ್ನು ಸಂಶೋಧಕರು ವರ್ಷಗಟ್ಟಲೆ ಎಣಿಸಿ ದಾಖಲಿಸಿದ್ದಾರೆ. ಸೊರಬಕ್ಕೆ ಇನ್ನೊಂದು ನೆನಪಿದೆ. 1957ರಲ್ಲಿ ಇದೇ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗ, ಮುಸ್ಯಗಳು ಸತ್ತು ಬಿದ್ದವು. ಉಣುಗಿನಿಂದ ಹರಡುವ ಆ ಜ್ವರ ಊರಿನ ಹೆಸರನ್ನೇ ಹೊತ್ತು ಜಗತ್ತು ಸುತ್ತಿತು. ಅಂದಿನಿಂದ ಇಲ್ಲಿ ಸತ್ತ ಮಂಗನೇ ಎಚ್ಚರಿಕೆಯ ಗಂಟೆ. ಕಂಡವರು ಆರೋಗ್ಯ ಇಲಾಖೆಗೆ ಹೇಳಿ ಕಳಿಸುತ್ತಾರೆ.

ಕಲ್ಲುಹೂ ಸತ್ತರೆ ಯಾರಿಗೆ ಹೇಳುವುದು?

ಹೆಸರಿನಲ್ಲಿ ಕಲ್ಲಿದ್ದರೂ ಅಂಗಡಿಗೆ ಬರುವುದು ಹೆಚ್ಚಾಗಿ ಮರದ ತೊಗಟೆಯಿಂದ ಕೆರೆದದ್ದು. ಅದು ಹೂವಲ್ಲ, ಗಿಡವೂ ಅಲ್ಲ. ಶಿಲೀಂಧ್ರ ಮನೆ ಕಟ್ಟುತ್ತದೆ, ಒಳಗಿನ ಪಾಚಿ ಬಿಸಿಲಿನಲ್ಲಿ ಅಡುಗೆ ಮಾಡುತ್ತದೆ, ಇಬ್ಬರ ಸಂಸಾರ. ಬೇರಿಲ್ಲ, ಇಬ್ಬನಿ ಮತ್ತು ಗಾಳಿಯ ತೇವವೇ ನೀರು. ಹಾಗಾಗಿ ಗಾಳಿ ಕೆಟ್ಟರೆ ಮೊದಲು ಸೊರಗುವುದು ಅದೇ. ಬೆಳವಣಿಗೆ ವರ್ಷಕ್ಕೆ ಕೆಲವೇ ಮಿಲಿಮೀಟರ್. ಅಂಗೈಯಗಲದ ಒಂದು ಹಾಳೆ ಕೆರೆಯಲು ಚಾಕುವಿಗೆ ಒಂದು ಗಳಿಗೆ ಸಾಕು; ಅದು ಮತ್ತೆ ಹರಡಿಕೊಳ್ಳಲು ಎಷ್ಟೋ ಮಳೆಗಾಲ ಬೇಕು. ಕೆಂಪು ಪಟ್ಟಿಗೆ ಮೊದಲ ಎರಡು ಕಲ್ಲುಹೂ ಜಾತಿಗಳು ಸೇರಿದ್ದೇ 2003ರಲ್ಲಿ. ಅವು ದೂರದ ಅಮೆರಿಕ, ಕೆನಡಾ ಕಡೆಯವು. ನಮ್ಮ ಮಸಾಲೆ ಡಬ್ಬಿಯದ್ದನ್ನು ಎಣಿಸುವವರೇ ಕಡಿಮೆ ಅನ್ನುವುದು ನನ್ನ ದೊಡ್ಡ ಸಂಕಟ.

1868ರಲ್ಲಿ ಬ್ರಿಟಿಷರ ಕಾಲದ ಅಧಿಕಾರಿಗಳಾದ ಬ್ರಾಂಡಿಸ್ ಮತ್ತು ಗ್ರಾಂಟ್ ಸೊರಬ ತಾಲ್ಲೂಕಿನಲ್ಲಿ 171 ಕಾನುಗಳನ್ನು ಪಟ್ಟಿ ಮಾಡಿದ್ದರು. ದೇವರ ಹೆಸರಲ್ಲಿ, ಕಾಳುಮೆಣಸಿನ ಬಳ್ಳಿಗಾಗಿ ಜನ ಉಳಿಸಿಕೊಂಡ ನಿತ್ಯಹಸುರು ತೋಪುಗಳವು. ಆ ತಂಪಿನಲ್ಲಿ ಮಂಗನಿಗೆ ಹಣ್ಣು, ಕಲ್ಲುಹೂವಿಗೆ ತೇವ ಎರಡೂ ಇದ್ದವು. ಒತ್ತುವರಿ, ನೆಡುತೋಪುಗಳ ನಡುವೆ ಎಷ್ಟೋ ಕಾನು ಈಗ ತೇಪೆಗಳಾಗಿವೆ.

ಮರ ಬಿದ್ದ ದಿನ ಮಂಗ ಪಕ್ಕದ ಕೊಂಬೆಗೆ ಹಾರುತ್ತದೆ, ಅದೂ ಇಲ್ಲದಿದ್ದರೆ ತೋಟಕ್ಕೆ ಇಳಿಯುತ್ತದೆ. ಕಲ್ಲುಹೂ ತೊಗಟೆಯ ಜೊತೆಗೇ ಲಾರಿ ಹತ್ತುತ್ತದೆ.